ಓದುಗರ ಪ್ರಶ್ನೆಗಳಿಗೆ ಉತ್ತರ: ಜೇಬಿನಲ್ಲಿ ಅಡಗುವ ಪಿಸ್ತೂಲು

ಅಮೆರಿಕದ ಬಂದೂಕುಗಳ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದನ್ನು ಓದಿ ಅನೇಕರು ಪತ್ರ ಬರೆದಿದ್ದಾರೆ. ಹೆಚ್ಚಿನ ಪತ್ರಗಳು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದಾದ ಪಿಸ್ತೂಲು ಮತ್ತು ರಿವಾಲ್ವರ್‌ಗಳ ಬಗೆಗೇ ಇರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಮಗಳ ಮನೆಗೆಂದು ಡಲ್ಲಾಸ್‌ಗೆ ಹೋಗಿದ್ದಾಗ ನೆರೆಮನೆಯ ಹಿರಿಯರೊಬ್ಬರು ದಿನವೂ ಬೆಳಿಗ್ಗೆ ನನ್ನ ಜೊತೆ ವಾಕಿಂಗ್ ಬರುತ್ತಿದ್ದರು. ಒಂದು ದಿನ ಅವರು ಜೇಬಿನಿಂದ ಕರವಸ್ತ್ರ ತೆಗೆಯುವಾಗ ಸಣ್ಣ ಪಿಸ್ತೂಲೊಂದರ ಹಿಡಿ ಕಣ್ಣಿಗೆ ಬಿತ್ತು. ಅಷ್ಟು ಸಾಧುವಾದ ಮನುಷ್ಯ ಪಿಸ್ತೂಲು ಇಟ್ಟುಕೊಂಡು ಓಡಾಡುವುದೇಕೆ? ಇಟ್ಟುಕೊಳ್ಳಲೇಬೇಕೆಂದಿದ್ದರೆ ಅಷ್ಟು ಚಿಕ್ಕದನ್ನೇಕೆ? (ನಿವೃತ್ತ ಶಿಕ್ಷಕರು, ಹಾಸನ)

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮೊದಲನೆಯದಕ್ಕೆ ಹೋಗುವ ದಾರಿ ಅದರ ಮೂಲಕವೇ ಇದೆ. ಅಮೆರಿಕದ ಪೊಲೀಸರಲ್ಲಿ ಅನೇಕರು ಬಳಸುವ ಗ್ಲಾಕ್ 17ರಂಥ ಪಿಸ್ತೂಲು, ಗುಂಡು ತುಂಬಿದಾಗ ಸುಮಾರು 900 ಗ್ರಾಂ ತೂಗುತ್ತದೆ. ಸಮವಸ್ತ್ರವೂ ಅಗಲವಾದ ಬೆಲ್ಟೂ ಇರುವವರಿಗೆ ಅದನ್ನು ಹೊರುವುದು ಕಷ್ಟವೇನಲ್ಲ. ಆದರೆ ಟೆಕ್ಸಾಸ್‌ನ ಬೇಸಿಗೆಯಲ್ಲಿ ತೆಳುವಾದ ಅಂಗಿ ತೊಟ್ಟು ಕಾರಿನಲ್ಲಿ ಕೂತು ಎದ್ದು, ಅಂಗಡಿಗೆ ಹೋಗಿ ಬಂದು, ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ಸಾಮಾನ್ಯ ಮನುಷ್ಯನಿಗೆ ಅಷ್ಟು ಭಾರದ ಕಬ್ಬಿಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುವುದು ನಾಲ್ಕು ದಿನಕ್ಕೇ ಬೇಸರ ತರಿಸುತ್ತದೆ. ಉತ್ಸಾಹದಿಂದ ದೊಡ್ಡ ಪಿಸ್ತೂಲು ಕೊಂಡವರು ಕೆಲವೇ ವಾರಗಳಲ್ಲಿ ಅದನ್ನು ಮನೆಯ ಬೀರುವಿನಲ್ಲಿಟ್ಟು ಬರಿಗೈಯಲ್ಲಿ ಹೊರಡತೊಡಗುತ್ತಾರೆ. ಅಲ್ಲಿನ ಬಂದೂಕು ಅಂಗಡಿಯವರು ಚಿಕ್ಕ ಪಿಸ್ತೂಲಿನ ಪರವಾಗಿ ಹೇಳುವ ಮುಖ್ಯ ಮಾತೂ ಇದೇ: ಬೀರುವಿನಲ್ಲಿ ಬಿಟ್ಟುಬಂದ ದೊಡ್ಡದಕ್ಕಿಂತ ಜೇಬಿನಲ್ಲಿರುವ ಚಿಕ್ಕದು ವಾಸಿ.

ಈ ಮಾತಿನ ಮೇಲೆ ಒಂದು ಉದ್ಯಮವೇ ಬೆಳೆದಿದೆ. 2008ರಲ್ಲಿ ರೂಗರ್ ಕಂಪನಿ ಎಲ್‌ಸಿಪಿ ಎಂಬ ಪಿಸ್ತೂಲನ್ನು ಮಾರುಕಟ್ಟೆಗೆ ತಂದಿತು. ಅದರ ಉದ್ದ ಸುಮಾರು 13 ಸೆಂಟಿಮೀಟರ್. ದಪ್ಪ ಒಂದು ಅಂಗುಲಕ್ಕೂ ಕಡಿಮೆ. ಗುಂಡು ತುಂಬದಿರುವಾಗ ತೂಕ 266 ಗ್ರಾಂ, ಅಂದರೆ ನಿಮ್ಮ ಊರಿನ ಕಾಲು ಕೆ.ಜಿ. ಕಾಫಿಪುಡಿಯ ಪೊಟ್ಟಣಕ್ಕಿಂತ ತುಸು ಹೆಚ್ಚು. ಅದಕ್ಕೂ ಮೊದಲೇ ಕೆಲ್‌ಟೆಕ್ ಎಂಬ ಫ್ಲಾರಿಡಾದ ಕಂಪನಿ ಇದೇ ಜಾಡಿನಲ್ಲಿ ನಡೆದಿತ್ತು. ಸ್ಮಿತ್ ಆಂಡ್ ವೆಸನ್ನಿನ ಐದು ಗುಂಡಿನ ಗಿಡ್ಡ ರಿವಾಲ್ವರ್ 1950ರಿಂದಲೂ ಬಳಕೆಯಲ್ಲಿದೆ. ಇನ್ನೂ ಚಿಕ್ಕದು ಬೇಕೆನ್ನುವವರಿಗೆ ನಾರ್ತ್ ಅಮೆರಿಕನ್ ಆರ್ಮ್ಸ್‌ನವರ ಐದು ಗುಂಡಿನ .22 (ಗುಂಡಿನ ವ್ಯಾಸ ಅಂಗುಲದ ನೂರರಲ್ಲಿ ಸುಮಾರು 22 ಭಾಗ) ರಿವಾಲ್ವರ್ ಇದೆ. ಅದು ಮನೆಯ ಬೀಗದಕೈಗಳ ಗೊಂಚಲಿನಷ್ಟೇ ಭಾರ. 2018ರಲ್ಲಿ ಬಂದ ಸಿಗ್ ಸಾವರ್ ಪಿ365 ಸುಮಾರು ಅರ್ಧ ಕಿಲೋ ತೂಕದೊಳಗೆ ಹತ್ತು ಗುಂಡು ತುಂಬಿಡುವ ಮ್ಯಾಗಜೀನನ್ನು ಅಡಕಿಸಿತು. ಆ ಮೇಲೆ ಉಳಿದ ಕಂಪನಿಗಳೂ ಅದೇ ಅಳತೆಗೆ ಇಳಿದವು.

ಇನ್ನು ಮೊದಲ ಪ್ರಶ್ನೆ. ಪ್ಯೂ ಎಂಬ ಸಂಶೋಧನಾ ಸಂಸ್ಥೆ 2023ರಲ್ಲಿ ಕೇಳಿದಾಗ ಬಂದೂಕು ಇರುವ ಅಮೆರಿಕನ್ನರಲ್ಲಿ ಶೇ. 72ರಷ್ಟು ಜನ ಆತ್ಮರಕ್ಷಣೆ ಒಂದು ಪ್ರಮುಖ ಕಾರಣವೆಂದರು. ಅದೇ ಸಂಸ್ಥೆ ಎತ್ತಿ ತೋರಿಸಿರುವ 1999ರ ಲೆಕ್ಕದಲ್ಲಿ, ರಕ್ಷಣೆಯನ್ನು ಮುಖ್ಯ ಕಾರಣವಾಗಿ ಹೇಳಿದವರು ಶೇ. 26 ಮಾತ್ರ, ಶೇ. 49 ಜನ ಬೇಟೆಗಾಗಿ ಎಂದಿದ್ದರು. ಎರಡು ಸಲವೂ ಪ್ರಶ್ನೆ ಕೇಳಿದ ಬಗೆ ಒಂದೇ ಆಗಿರಲಿಲ್ಲವಾದರೂ ಗಾಳಿ ಯಾವ ಕಡೆಗೆ ತಿರುಗಿತೆಂಬುದು ಸ್ಪಷ್ಟವಾಗಿದೆ. 1990ರ ದಶಕದ ಆರಂಭಕ್ಕೆ ಹೋಲಿಸಿದರೆ ಅಲ್ಲಿ ಹಿಂಸಾಪರಾಧಗಳ ಪ್ರಮಾಣ ಬಹಳ ಇಳಿದಿದೆ. ಅಪರಾಧ ಇಳಿದ ಕಾಲದಲ್ಲಿಯೇ ಭಯದಿಂದ ಬಂದೂಕು ಕೊಳ್ಳುವವರು ಹೆಚ್ಚಿದ್ದಾರೆ. ಇದಕ್ಕೆ ಟಿವಿ ಸುದ್ದಿಯನ್ನಷ್ಟೇ ದೂರಿದರೆ ಸಾಲದು, ಕಾನೂನೂ ಜೊತೆಗೆ ಬದಲಾಯಿತು. 1987ರಲ್ಲಿ ಫ್ಲಾರಿಡಾ ರಾಜ್ಯವು, ನಿಗದಿತ ಷರತ್ತುಗಳನ್ನು ಪೂರೈಸಿದ ಯಾರಿಗೇ ಆಗಲಿ ಬಂದೂಕನ್ನು ಮರೆಯಾಗಿ ಒಯ್ಯುವ ಪರವಾನಗಿ ಕೊಡಲೇಬೇಕೆಂಬ ಕಾನೂನು ಮಾಡಿತು. ಒಂದೊಂದಾಗಿ ಬೇರೆ ರಾಜ್ಯಗಳು ಅದನ್ನು ಅನುಸರಿಸಿದವು. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ನಿಷೇಧಕ್ಕೆ ಒಳಗಾಗದ ವಯಸ್ಕರಿಗೆ ಪರವಾನಗಿಯೇ ಬೇಕಿಲ್ಲ. 2024ರ ವೇಳೆಗೆ ಇಂಥ ರಾಜ್ಯಗಳು 29 ಆದವು. 2022ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ನ್ಯೂಯಾರ್ಕಿನ ಪ್ರಕರಣವೊಂದರಲ್ಲಿ, ಆತ್ಮರಕ್ಷಣೆಗಾಗಿ ಕೈಬಂದೂಕನ್ನು ಮನೆಯ ಹೊರಗೆ ಒಯ್ಯುವುದು ಸಂವಿಧಾನ ಕೊಟ್ಟ ಹಕ್ಕೆಂದು ತೀರ್ಪಿತ್ತಿತು. ಒಯ್ಯಲು ಅನುಮತಿ ಸಿಕ್ಕ ಮೇಲೆ ಒಯ್ಯಲು ಹಗುರವಾದದ್ದನ್ನು ಜನ ಕೇಳಿದರು, ಕಂಪನಿಗಳು ಮಾಡಿಕೊಟ್ಟವು.

ನಿಮ್ಮ ನೆರೆಯವರನ್ನು ನಾನು ಕೆಟ್ಟವರೆಂದಾಗಲಿ ಅಂಜುಬುರುಕರೆಂದಾಗಲಿ ಭಾವಿಸುವುದಿಲ್ಲ. ಎಪ್ಪತ್ತರ ಹತ್ತಿರದ ಮನುಷ್ಯನಿಗೆ ಓಡಲಾಗದು, ಹೊಡೆದಾಡಲಾಗದು. ಮಕ್ಕಳು ಸಾವಿರಾರು ಮೈಲಿ ದೂರದಲ್ಲಿರಬಹುದು. ಒಂಟಿತನದಲ್ಲಿ ಹುಟ್ಟುವ ಭಯವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಅದನ್ನು ಕಣ್ಣಿಗೆ ಬೀಳದಂತೆ ಇಟ್ಟುಕೊಂಡದ್ದರಲ್ಲಿಯೂ ಎದುರಿನವರನ್ನು ಹೆದರಿಸಬಾರದೆಂಬ ಮರ್ಯಾದೆ ಇದೆ. ನನ್ನ ಕಳವಳ ಬೇರೆ. ಹೆಗಲಿಗೆ ಕೋವಿ ಹಾಕಿಕೊಂಡು ಹೊರಡುವವನು ಇಂದು ಇದು ಬೇಕೇ ಎಂದು ಹೊಸಿಲು ದಾಟುವ ಮುನ್ನ ಒಮ್ಮೆ ಯೋಚಿಸುತ್ತಾನೆ. ಕರವಸ್ತ್ರದ ಜೊತೆ ಜೇಬು ಸೇರುವ ಪಿಸ್ತೂಲಿನ ವಿಷಯದಲ್ಲಿ ಆ ಪ್ರಶ್ನೆ ಏಳುವುದೇ ನಿಲ್ಲುತ್ತದೆ. ನೋಡುವವರ ಕಣ್ಣಿಗೆ ಮರೆಯಾದದ್ದು ಕ್ರಮೇಣ ಇಟ್ಟುಕೊಂಡವನ ಮನಸ್ಸಿನಿಂದಲೂ ಮರೆಯಾಗುತ್ತದೆ. ಅವರು ಪಿಸ್ತೂಲಿರುವ ಜೇಬಿನಲ್ಲಿಯೇ ಕರವಸ್ತ್ರವನ್ನೂ ಇಟ್ಟಿದ್ದರೆಂಬ ನಿಮ್ಮ ಮಾತೇ ಇದಕ್ಕೆ ಸಾಕ್ಷಿ. ಜೇಬಿನಲ್ಲಿ ಪಿಸ್ತೂಲು ಇಡುವವರು ಟ್ರಿಗರ್ ಮುಚ್ಚುವ ಒರೆಯಲ್ಲಿಯೇ ಇಡಬೇಕು, ಆ ಜೇಬಿಗೆ ಬೇರೇನನ್ನೂ ಹಾಕಬಾರದು ಎಂಬುದು ಅಲ್ಲಿನ ತರಬೇತಿದಾರರು ಹೇಳಿಕೊಡುವ ಮೊದಲ ಪಾಠಗಳಲ್ಲೊಂದು.

ಪ್ರಶ್ನೆ: ಚಿಕ್ಕ ಪಿಸ್ತೂಲಿನ ಹುಚ್ಚು ಇತ್ತೀಚಿನದೋ, ಹಿಂದೆಯೂ ಇತ್ತೋ? (ಧಾರವಾಡ)

ಉತ್ತರ: ಸುಮಾರು ಎರಡು ಶತಮಾನಗಳಷ್ಟು ಹಳೆಯದು. ಫಿಲಡೆಲ್ಫಿಯಾದಲ್ಲಿ ಹೆನ್ರಿ ಡೆರಿಂಜರ್ ಎಂಬ ಬಂದೂಕು ತಯಾರಕರಿದ್ದರು. ಅವರು ಮಾಡುತ್ತಿದ್ದ, ಒಂದೇ ಗುಂಡಿನ ಮೋಟು ಪಿಸ್ತೂಲು ಎಷ್ಟು ಪ್ರಸಿದ್ಧವಾಯಿತೆಂದರೆ, ಮುಂದೆ ಬೇರೆಯವರು ಮಾಡಿದ ಅಂಥ ಪುಟ್ಟ ಪಿಸ್ತೂಲುಗಳಿಗೂ ಅವರ ಹೆಸರೇ ಅಂಟಿಕೊಂಡಿತು. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ ನಾಟಕಶಾಲೆಯಲ್ಲಿ ಜಾನ್ ವಿಲ್ಕ್ಸ್ ಬೂತ್ ಅಧ್ಯಕ್ಷ ಲಿಂಕನ್ ಅವರ ತಲೆಗೆ ಹಿಂದಿನಿಂದ ಗುಂಡು ಹಾರಿಸಿದ್ದು ಇಂಥದೊಂದು ಡೆರಿಂಜರ್‌ನಿಂದಲೇ. ಒಂದೇ ಗುಂಡು, ಅತಿ ಹತ್ತಿರ, ಕೈಯಲ್ಲಿ ಮುಚ್ಚಿಕೊಂಡು ಒಳಗೆ ಬರುವ ಅನುಕೂಲ: ಕೊಲೆಗಾರನಿಗೆ ಅಷ್ಟು ಸಾಕಾಯಿತು. ಮರುವರ್ಷವೇ ರೆಮಿಂಗ್ಟನ್ ಕಂಪನಿ ಮೇಲೊಂದು ಕೆಳಗೊಂದು ನಳಿಗೆಯಿರುವ ಪುಟ್ಟ ಪಿಸ್ತೂಲನ್ನು ತಂದು 1935ರವರೆಗೂ ಮಾರಿತು.

ಯೂರೋಪಿನಲ್ಲಿ ಇದರ ಇನ್ನೊಂದು ಎಳೆ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಫ್ರಾನ್ಸಿನಲ್ಲಿ ಸೈಕಲ್ ಹೊಸದಾಗಿ ಹಬ್ಬಿದಾಗ, ಬೆನ್ನಟ್ಟುವ ನಾಯಿಗಳನ್ನು ಎದುರಿಸಲೆಂದು ಸವಾರರಿಗಾಗಿಯೇ ‘ವೆಲೊಡಾಗ್’ ಎಂಬ ಪುಟ್ಟ ರಿವಾಲ್ವರ್ ಮಾಡಿ ಮಾರಿದರು. ನಾಯಿಯ ಭಯಕ್ಕೆ ಪ್ರಾಣ ತೆಗೆಯುವ ಆಯುಧ ಮಾರಬಹುದೆಂದು ಯಾರಿಗೋ ಹೊಳೆಯಿತಲ್ಲ ಎಂಬುದು ನನ್ನನ್ನು ಇಂದಿಗೂ ಯೋಚನೆಗೆ ಹಚ್ಚುತ್ತದೆ, ಏಕೆಂದರೆ ಚಿಕ್ಕ ಬಂದೂಕಿನ ಮಾರಾಟಕ್ಕೆ ಒಂದು ಚಿಕ್ಕ ಭಯ ಸಾಕೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಜಾನ್ ಬ್ರೌನಿಂಗ್ ರೂಪಿಸಿದ 6.35 ಮಿ.ಮೀ. ಪಿಸ್ತೂಲನ್ನು ಬೆಲ್ಜಿಯಂನ ಎಫ್ಎನ್ ಕಂಪನಿಯೂ, 1908ರಿಂದ ಅಮೆರಿಕದ ಕೋಲ್ಟ್ ಕಂಪನಿಯೂ ತಯಾರಿಸಿದವು. ಕೋಟಿನೊಳಗೆ ತೊಡುವ ವೇಸ್ಟ್‌ಕೋಟಿನ ಜೇಬಿನಲ್ಲಿ ಹಿಡಿಸುತ್ತದೆಂಬುದೇ ಅದರ ಹೆಸರಾಯಿತು. ನಮ್ಮ ನೆಲದ ನೋವಿನ ನೆನಪೂ ಈ ಚರಿತ್ರೆಗೆ ಸೇರಿದೆ. 1948ರ ಜನವರಿ 30ರಂದು ದೆಹಲಿಯ ಪ್ರಾರ್ಥನಾ ಸಭೆಯಲ್ಲಿ ಗಾಂಧೀಜಿಯವರನ್ನು ಕೊಂದದ್ದು ಇಟಲಿಯ ಬೆರೆಟ್ಟಾ ಕಂಪನಿಯ, ಬಟ್ಟೆಯೊಳಗೆ ಸುಲಭವಾಗಿ ಅಡಗುವ ಪಿಸ್ತೂಲು.

ಪ್ರಶ್ನೆ: ಇಷ್ಟು ಅಪಾಯಕಾರಿಯಾದ ಚಿಕ್ಕ ಬಂದೂಕುಗಳನ್ನು ನಿಷೇಧಿಸಲು ಅಮೆರಿಕ ಎಂದೂ ಪ್ರಯತ್ನಿಸಲಿಲ್ಲವೇ? (ಕಾನೂನು ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಪ್ರಯತ್ನಿಸಿತು, ಮತ್ತು ಆ ಪ್ರಯತ್ನದ ಕಥೆ ಕಾನೂನು ಓದುವವರು ತಿಳಿಯಬೇಕಾದದ್ದು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಬರ್ಟ್ ಕೆನಡಿ ಅವರು .22 ರಿವಾಲ್ವರಿನ ಗುಂಡಿಗೆ ಬಲಿಯಾದರು. ಅದೇ ಅಕ್ಟೋಬರ್‌ನಲ್ಲಿ ಬಂದೂಕು ನಿಯಂತ್ರಣ ಕಾಯಿದೆ ಬಂದಿತು. ಕ್ರೀಡೆಗೆ ಯೋಗ್ಯವಲ್ಲದ ಬಂದೂಕುಗಳನ್ನು ವಿದೇಶದಿಂದ ತರಿಸಬಾರದೆಂದು ಅದು ವಿಧಿಸಿತು. ಕೈಬಂದೂಕಿನ ಉದ್ದ, ಎತ್ತರ, ತೂಕಗಳಿಗೆ ಅಂಕ ಕೊಟ್ಟು ಅಳೆಯುವ ಪದ್ಧತಿ ಬಂತು. ಪಿಸ್ತೂಲಿನ ಉದ್ದ ಮತ್ತು ಎತ್ತರ ಕೂಡಿ ಕನಿಷ್ಠ ಹತ್ತು ಅಂಗುಲವಾದರೂ ಇರಬೇಕಾಯಿತು. ಜರ್ಮನಿಯ ವಾಲ್ಥರ್ ಕಂಪನಿಯ ಪ್ರಸಿದ್ಧ ಪಿಪಿಕೆ ಪಿಸ್ತೂಲು ಆ ಅಳತೆಗೆ ಸಿಗಲಿಲ್ಲ. ಕಂಪನಿ ಹಿಡಿಯನ್ನು ತುಸು ಎತ್ತರಿಸಿ, ಹೆಸರಿಗೆ ಒಂದು ಅಕ್ಷರ ಸೇರಿಸಿ, ಅದನ್ನು ಮತ್ತೆ ಅಮೆರಿಕಕ್ಕೆ ಕಳಿಸಿತು.

ಆದರೆ ಕಾಯಿದೆ ತಡೆದದ್ದು ಆಮದನ್ನು ಮಾತ್ರ. ಕೆನಡಿ ಅವರನ್ನು ಕೊಂದ ರಿವಾಲ್ವರ್ ಅಮೆರಿಕದಲ್ಲಿಯೇ ತಯಾರಾದದ್ದಾಗಿತ್ತು; ಅಂಥದನ್ನು ದೇಶದೊಳಗೆ ಮಾಡಲು ಯಾವ ಅಡ್ಡಿಯೂ ಬರಲಿಲ್ಲ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ರೇವನ್ ಎಂಬ ಕಂಪನಿಯೂ, ಲಾಸ್ ಏಂಜಲೀಸ್ ಸುತ್ತ ಆಮೇಲೆ ಎದ್ದ ಅದರಂಥ ಇತರ ಕಂಪನಿಗಳೂ ಅಗ್ಗದ ಲೋಹ ಎರಕ ಹೊಯ್ದು ಲಕ್ಷಗಟ್ಟಲೆ ಪುಟ್ಟ ಪಿಸ್ತೂಲುಗಳನ್ನು ಮಾಡಿ ಮಾರಿದವು. ಇನ್ನು ಕೆಲವರು ಬಿಡಿಭಾಗಗಳನ್ನು ತರಿಸಿ ಅಮೆರಿಕದಲ್ಲಿ ಜೋಡಿಸಿದರು. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಅವರ ಮೇಲೆ ಹಾರಿದ ಗುಂಡುಗಳು ಹಾಗೆ ಜರ್ಮನ್ ಬಿಡಿಭಾಗಗಳಿಂದ ಮಯಾಮಿಯಲ್ಲಿ ಜೋಡಿಸಿದ ಅಗ್ಗದ .22 ರಿವಾಲ್ವರ್‌ನಿಂದ ಬಂದವು. ಅಂದು ತಲೆಗೆ ಗುಂಡು ತಗುಲಿದ, ರೇಗನ್ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಅವರ ಹೆಸರಿನಲ್ಲಿಯೇ, ಕೊಳ್ಳುವವರ ಹಿನ್ನೆಲೆ ಪರಿಶೀಲಿಸಬೇಕೆನ್ನುವ 1993ರ ಕಾಯಿದೆ ಬಂದಿತು.

ಅಗ್ಗದ ಚಿಕ್ಕ ಪಿಸ್ತೂಲುಗಳನ್ನು ಮಾತ್ರ ತಡೆದರೆ ದುಡ್ಡಿದ್ದವರಿಗೆ ರಕ್ಷಣೆ, ಬಡವರಿಗೆ, ಅದರಲ್ಲೂ ಬಡ ಕರಿಯರಿಗೆ, ಇಲ್ಲವೆಂದಾಗುತ್ತದೆ ಎಂಬ ಆಕ್ಷೇಪವೂ ಆಗ ಎದ್ದಿತು. ಆ ಆಕ್ಷೇಪದಲ್ಲಿ ಸತ್ಯವಿದೆ. ಅಳತೆಯನ್ನೋ ಬೆಲೆಯನ್ನೋ ಹಿಡಿದು ಹೊರಡುವ ಕಾನೂನಿಗಿಂತ, ಯಾರ ಕೈಗೆ ಯಾವ ತರಬೇತಿಯೊಂದಿಗೆ ಹೋಗುತ್ತದೆಂದು ನೋಡುವ ಕಾನೂನು ಹೆಚ್ಚು ನ್ಯಾಯವಾದದ್ದೆಂದು ನನ್ನ ಅಭಿಪ್ರಾಯ. ಆ 29 ರಾಜ್ಯಗಳಲ್ಲಿ ಅನೇಕವು ಪರವಾನಗಿಯ ಜೊತೆಗೆ ಅದಕ್ಕೆ ಅಂಟಿಕೊಂಡಿದ್ದ ತರಬೇತಿಯ ಕಡ್ಡಾಯವನ್ನೂ ಬಿಟ್ಟುಕೊಟ್ಟಿರುವುದರಿಂದ ನನಗೆ ವ್ಯಥೆಯಾಗುತ್ತದೆ.

ಪ್ರಶ್ನೆ: ಚಿಕ್ಕ ಪಿಸ್ತೂಲು ಹಿಡಿಯಲು ಸುಲಭ, ಅದರ ಗುಂಡಿನಿಂದ ಹಾನಿಯೂ ಕಡಿಮೆ ಎನ್ನುತ್ತಾರೆ. ನಿಜವೇ? (ಪದವಿ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಎರಡೂ ತಪ್ಪು. ಗುಂಡು ಮುಂದಕ್ಕೆ ಹೋಗುವಾಗ ಬಂದೂಕು ಹಿಂದಕ್ಕೆ ಒದೆಯುತ್ತದೆಂದು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಅದೇ ಗುಂಡು ಅದೇ ವೇಗದಲ್ಲಿ ಹೊರಟಾಗ, ಮೂರನೆಯ ಒಂದರಷ್ಟು ತೂಕದ ಪಿಸ್ತೂಲು ಮೂರು ಪಟ್ಟು ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಎರಡೇ ಬೆರಳು ಹಿಡಿಸುವ ಗಿಡ್ಡ ಹಿಡಿಯಲ್ಲಿ ಆ ಒದೆತವನ್ನು ತಡೆಯುವುದು ಕಷ್ಟ. ನಳಿಗೆ ಮೋಟಾದ್ದರಿಂದ ಗುರಿ ಹಿಡಿಯುವ ಮುಂದಿನ ಮತ್ತು ಹಿಂದಿನ ಗುರುತುಗಳು ತೀರ ಹತ್ತಿರವಿರುತ್ತವೆ. ಕೈ ಕೂದಲೆಳೆಯಷ್ಟು ಅಲುಗಿದರೂ ಗುರಿ ತಪ್ಪುತ್ತದೆ. ಜೇಬಿನಲ್ಲಿ ತಾನಾಗಿ ಸಿಡಿಯದಿರಲೆಂದು ಟ್ರಿಗರನ್ನು ಬಿಗಿಯಾಗಿ, ಉದ್ದಕ್ಕೆ ಎಳೆಯಬೇಕಾದಂತೆ ಮಾಡಿರುತ್ತಾರೆ, ಅದರಿಂದಲೂ ಕೈ ಅಲುಗುತ್ತದೆ. ಒದೆತದಿಂದ ಅಂಗೈ ನೋಯುವುದರಿಂದ ಕೊಂಡವರು ಅಭ್ಯಾಸವನ್ನು ಬೇಗ ಬಿಡುತ್ತಾರೆ. ಹೀಗಾಗಿ ಬಳಸಲು ಅತಿ ಹೆಚ್ಚು ಅಭ್ಯಾಸ ಬೇಡುವ ಬಂದೂಕು ಅತಿ ಕಡಿಮೆ ಅಭ್ಯಾಸವಿರುವವರ ಕೈಯಲ್ಲಿ ಉಳಿಯುತ್ತದೆ, ಮತ್ತು ತಪ್ಪಿದ ಗುಂಡು ದಾರಿಹೋಕರ ಕಡೆಗೆ ಹೋಗುತ್ತದೆ.

ಹಾನಿಯ ವಿಷಯಕ್ಕೆ ಬಂದರೆ, ಮೇಲೆ ಹೇಳಿದ ರೇಗನ್ ಅವರ ಪ್ರಕರಣವನ್ನೇ ನೋಡಿ. .22 ಎಂಬುದು ಬಂದೂಕಿನ ಗುಂಡುಗಳಲ್ಲಿ ತೀರ ಸಣ್ಣದು. ಕಾರಿಗೆ ಬಡಿದು ತಿರುಗಿ ಬಂದು ಅವರ ಎದೆ ಹೊಕ್ಕ ಆ ಗುಂಡು ಹೃದಯದಿಂದ ಸುಮಾರು ಒಂದು ಅಂಗುಲ ದೂರದಲ್ಲಿ ನಿಂತಿತ್ತು.

ಪ್ರಶ್ನೆ: ನಾನು ಇಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್, ಅಮೆರಿಕದ ಪೌರಳು. ರಾತ್ರಿ ಪಾಳಿ ಮುಗಿಸಿ ಕಾರು ನಿಲ್ಲಿಸಿದ ಕಡೆಗೆ ನಡೆಯುವಾಗ ಭಯವಾಗುತ್ತದೆ. ಜೊತೆಯ ಕೆಲವರು ವ್ಯಾನಿಟಿ ಬ್ಯಾಗಿನಲ್ಲಿ ಪುಟ್ಟ ಪಿಸ್ತೂಲು ಇಟ್ಟುಕೊಂಡಿದ್ದಾರೆ, ನನಗೂ ಕೊಳ್ಳಲು ಹೇಳುತ್ತಾರೆ. ಮನೆಯಲ್ಲಿ ನಾಲ್ಕು ವರ್ಷದ ಮಗನಿದ್ದಾನೆ. ಏನು ಮಾಡಲಿ? (ಫೀನಿಕ್ಸ್, ಅರಿಜೋನಾ)

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಭಯಪಡಬೇಡಿ ಎಂದು ದೂರದಲ್ಲಿ ಕೂತು ಹೇಳಲು ನನಗೆ ಅಧಿಕಾರವಿಲ್ಲ. ಕಾನೂನು ನಿಮಗೆ ಅಡ್ಡ ಬರುವುದಿಲ್ಲ. ಅರಿಜೋನಾದಲ್ಲಿ 2010ರಿಂದಲೇ ಪರವಾನಗಿ ಬೇಕಿಲ್ಲ. ಆದರೂ ಬ್ಯಾಗಿನಲ್ಲಿ ಪಿಸ್ತೂಲು ಇಡುವ ಯೋಚನೆಯನ್ನು ಬಿಡಿ ಎಂದು ಕೈಮುಗಿದು ಕೇಳುತ್ತೇನೆ.

2014ರ ಡಿಸೆಂಬರ್ 30ರಂದು ಐಡಹೊ ರಾಜ್ಯದ ಹೇಡನ್ ಎಂಬ ಊರಿನ ದೊಡ್ಡ ಅಂಗಡಿಯೊಂದಕ್ಕೆ, 29 ವರ್ಷದ ತಾಯಿಯೊಬ್ಬರು ಎರಡು ವರ್ಷದ ಮಗನನ್ನು ತಳ್ಳುಬಂಡಿಯಲ್ಲಿ ಕೂರಿಸಿಕೊಂಡು ಹೋಗಿದ್ದರು. ಅವರ ಬಳಿ ಪರವಾನಗಿ ಇತ್ತು, ಬಂದೂಕಿನ ಬಳಕೆ ಗೊತ್ತಿತ್ತು; ಪಿಸ್ತೂಲು ಇಡಲೆಂದೇ ಜಿಪ್ ಹಾಕಿದ ಪ್ರತ್ಯೇಕ ಖಾನೆಯಿರುವ ಬ್ಯಾಗನ್ನು ಪತಿ ಕ್ರಿಸ್‌ಮಸ್‌ಗೆ ಉಡುಗೊರೆಯಾಗಿ ಕೊಟ್ಟಿದ್ದರು. ಬ್ಯಾಗು ಮಗುವಿನ ಪಕ್ಕದಲ್ಲಿತ್ತು. ಮಗು ಜಿಪ್ ತೆರೆದು ಪಿಸ್ತೂಲು ಎತ್ತಿಕೊಂಡಿತು, ಗುಂಡು ಹಾರಿತು, ತಾಯಿ ಅಲ್ಲಿಯೇ ತೀರಿಕೊಂಡರು. ಅವರು ಅಜಾಗರೂಕರಾಗಿದ್ದರೆಂದು ಹೇಳಲು ನನಗೆ ಮನಸ್ಸು ಬಾರದು. ಬ್ಯಾಗೆಂದರೆ ಮಕ್ಕಳಿಗೆ ಬಿಸ್ಕತ್ತು, ಆಟಿಕೆ, ಅಮ್ಮನ ಫೋನು ಸಿಗುವ ಜಾಗ. ನಾಲ್ಕು ವರ್ಷದ ನಿಮ್ಮ ಮಗ ಇವತ್ತೂ ಅದರಲ್ಲಿ ಕೈಯಾಡಿಸಿರುತ್ತಾನೆ.

ಮರೆವಿನ ಬಗ್ಗೆಯೂ ಒಂದು ಮಾತು. ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 2023ರಲ್ಲಿ ಪ್ರಯಾಣಿಕರ ಕೈಚೀಲಗಳಿಂದ ಮತ್ತು ಮೈಮೇಲಿಂದ 6,737 ಬಂದೂಕುಗಳು ಸಿಕ್ಕವು. ಅಂದರೆ ದಿನಕ್ಕೆ ಹದಿನೆಂಟು. ಅವುಗಳಲ್ಲಿ ಶೇ. 93ರಷ್ಟರಲ್ಲಿ ಗುಂಡು ತುಂಬಿತ್ತು. ಬ್ಯಾಗಿನಲ್ಲಿದೆಯೆಂಬುದೇ ಮರೆತುಹೋಗಿತ್ತು ಎಂಬುದು ಸಿಕ್ಕಿಬಿದ್ದವರು ಸಾಮಾನ್ಯವಾಗಿ ಕೊಡುವ ಉತ್ತರ, ಮತ್ತು ಅದು ಬಹುತೇಕ ನಿಜವೇ ಇರಬೇಕು. ವಿಮಾನ ಹತ್ತುವ ದಿನವೂ ನೆನಪಾಗದಷ್ಟು ಹಗುರವಾದ ಪಿಸ್ತೂಲು ಮಗ ಬ್ಯಾಗಿಗೆ ಕೈ ಹಾಕುವ ಗಳಿಗೆಯಲ್ಲಿ ನೆನಪಾಗುತ್ತದೆಂದು ಹೇಗೆ ನಂಬುವುದು? ಜೊತೆಗೆ ಅನೇಕ ಆಸ್ಪತ್ರೆಗಳು ಒಳಗೆ ಆಯುಧ ತರುವುದನ್ನು ನಿಷೇಧಿಸಿವೆ. ನಿಮ್ಮಲ್ಲಿಯೂ ಹಾಗಿದ್ದರೆ ಪಿಸ್ತೂಲು ಪಾಳಿಯುದ್ದಕ್ಕೂ ಕಾರಿನಲ್ಲಿರಬೇಕು, ಕಾರಿನವರೆಗಿನ ನಡಿಗೆಯಲ್ಲಿ ಕೈಗೆ ಸಿಗದು; ಕಾರು ಒಡೆದು ಬಂದೂಕು ಕದಿಯುವುದೂ ಅಲ್ಲಿ ಸಾಮಾನ್ಯ.

ಪಾಳಿ ಮುಗಿದಾಗ ಭದ್ರತಾ ಸಿಬ್ಬಂದಿಯನ್ನು ಕಾರಿನವರೆಗೆ ಜೊತೆಗೆ ಕಳುಹಿಸಿಕೊಡಿ ಎಂದು ಕೇಳಿ. ಅನೇಕ ಆಸ್ಪತ್ರೆಗಳಲ್ಲಿ ಈ ವ್ಯವಸ್ಥೆ ಇರುತ್ತದೆ, ಇಲ್ಲದಿದ್ದರೆ ನರ್ಸುಗಳೆಲ್ಲ ಸೇರಿ ಲಿಖಿತವಾಗಿ ಕೇಳಿ. ಇಬ್ಬರು ಮೂವರು ಜೊತೆಯಾಗಿ ಹೊರಡಿ. ಆಸ್ಪತ್ರೆಯ ನಿಯಮ ಒಪ್ಪಿದರೆ ಪೆಪ್ಪರ್ ಸ್ಪ್ರೇ ಕೈಯಲ್ಲಿರಲಿ. ಇಷ್ಟಾದ ಮೇಲೂ ಪಿಸ್ತೂಲು ಬೇಕೆಂದೇ ನೀವು ತೀರ್ಮಾನಿಸಿದರೆ ಅದು ನಿಮ್ಮ ಹಕ್ಕು. ಆಗ ಅದು ಮೈಮೇಲಿನ ಒರೆಯಲ್ಲಿರಲಿ, ಇಲ್ಲವೆ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿರಲಿ. ಮೂರನೆಯ ಜಾಗ ಬೇಡ.

ಪ್ರಶ್ನೆ: ಎಚ್1ಬಿ ವೀಸಾದ ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸ್ನೇಹಿತರೊಬ್ಬರು ತಮ್ಮ ಹಳೆಯ ಪುಟ್ಟ ಪಿಸ್ತೂಲನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಕೊಳ್ಳಬಹುದೇ? (ರಾಲೀ, ನಾರ್ತ್ ಕ್ಯಾರೊಲೈನಾ)

ಉತ್ತರ: ಬೇಡ. ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಅಧಿಕೃತ ಬೇಟೆ ಪರವಾನಗಿ ಇರುವುದೇ ಮೊದಲಾದ ಕೆಲವು ವಿನಾಯಿತಿಗಳಷ್ಟೇ ಇವೆ. 2022ರ ತಿದ್ದುಪಡಿಯ ನಂತರ ಇದಕ್ಕೆ ಹದಿನೈದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ದೇಶದಿಂದ ಹೊರಹಾಕುವುದಕ್ಕೂ ಅದು ಕಾರಣವಾಗುತ್ತದೆ. ಸ್ನೇಹಿತರು ಸದ್ಭಾವದಿಂದಲೇ ಕೊಡುತ್ತಿರಬಹುದು, ಆದರೆ ನಿಮ್ಮ ವೀಸಾದ ಸ್ಥಿತಿ ತಿಳಿದೂ ಕೊಟ್ಟರೆ ಅವರೂ ಅಪರಾಧಿಯಾಗುತ್ತಾರೆ. ಗುರಿ ಅಭ್ಯಾಸದ ಕೇಂದ್ರಕ್ಕೆ ಮೋಜಿಗೆಂದು ಹೋಗಿ ಬಾಡಿಗೆ ಪಿಸ್ತೂಲು ಹಿಡಿಯುವ ಮುನ್ನವೂ ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಕೋವಿ ಇದೆ. ಅಮೆರಿಕದವರ ಜೇಬಿನ ಪಿಸ್ತೂಲಿಗೂ ನಮ್ಮ ಕೋವಿಗೂ ಏನು ವ್ಯತ್ಯಾಸ? ನಮ್ಮ ದೇಶದಲ್ಲಿಯೂ ಚಿಕ್ಕ ಪಿಸ್ತೂಲು ಸಿಗುತ್ತದೆಯೇ? (ಮಡಿಕೇರಿ)

ಉತ್ತರ: ವ್ಯತ್ಯಾಸ ನಿಮಗೇ ಚೆನ್ನಾಗಿ ಗೊತ್ತಿದೆ. ಕೈಲ್‌ಪೋಳ್ದ್ ಹಬ್ಬದಲ್ಲಿ ನಿಮ್ಮ ಕೋವಿ ದೇವರ ಮುಂದೆ, ತೋಕ್ ಪೂ (ಕೋವಿ ಹೂ) ಮುಡಿದು, ಮನೆಮಂದಿಯೆಲ್ಲ ನೋಡುವಂತೆ ಇರುತ್ತದೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸಿದರೆ ಊರಿಗೆ ಊರೇ ಅರ್ಥ ಮಾಡಿಕೊಳ್ಳುತ್ತದೆ. ಉದ್ದದ ಕೋವಿಯನ್ನು ಯಾರ ಕಣ್ಣಿಗೂ ಬೀಳದಂತೆ ಒಯ್ಯಲಾಗದು. ಯಾರ ಮನೆಯಲ್ಲಿದೆ, ಯಾರ ಕೈಯಲ್ಲಿದೆ ಎಂಬುದು ಊರಿಗೆ ತಿಳಿದಿರುತ್ತದೆ, ಆ ತಿಳಿವಳಿಕೆಯೇ ಒಂದು ಲಗಾಮು. ಕೊಡವರಿಗೂ, ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಜೇಬಿನ ಪಿಸ್ತೂಲಿಗೆ ಹಬ್ಬವೂ ಇಲ್ಲ, ಸಾಕ್ಷಿಯೂ ಇಲ್ಲ. ಹೀಗೆಂದ ಮಾತ್ರಕ್ಕೆ ಕೋವಿಯಿಂದ ಅನಾಹುತವೇ ಆಗುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಬೇಟೆಯಲ್ಲಿ, ಜಗಳದಲ್ಲಿ ಪ್ರಾಣ ಹೋದ ಸುದ್ದಿಗಳನ್ನು ನೀವೂ ಓದಿದ್ದೀರಿ.

ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಪಿಸ್ತೂಲಿಗೆ ಲೈಸೆನ್ಸ್ ಬೇಕೇ ಬೇಕು, ಪೊಲೀಸರ ವಿಚಾರಣೆಯ ನಂತರ ಮಾತ್ರ ಅದು ಸಿಗುತ್ತದೆ. 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು ‘ನಿರ್ಭೀಕ್’ ಎಂಬ .32 ರಿವಾಲ್ವರ್ ತಂದಿತು. ಟೈಟಾನಿಯಂ ಮಿಶ್ರಲೋಹದ ಅದರ ತೂಕ 500 ಗ್ರಾಂ, ಆಗಿನ ಬೆಲೆ 1,22,360 ರೂಪಾಯಿ. 2012ರ ದೆಹಲಿಯ ಘೋರ ಘಟನೆಯಲ್ಲಿ ಮಡಿದ ಯುವತಿಯ ನೆನಪಿನಲ್ಲಿ ಆ ಹೆಸರಿಟ್ಟರು. ಆ ಹೆಣ್ಣುಮಗಳು ರಾತ್ರಿ ಬಸ್ಸು ಹತ್ತಿದವಳು. ಬಸ್ಸಿನಲ್ಲಿ ಓಡಾಡುವವರ ಕೈಗೆ ಎಟುಕದ ಬೆಲೆಯ ರಿವಾಲ್ವರಿಗೆ ಅವಳ ನೆನಪನ್ನು ಜೋಡಿಸಿದ್ದು ನನಗೆ ಅಂದೂ ಸರಿಕಾಣಲಿಲ್ಲ, ಇಂದೂ ಕಾಣುವುದಿಲ್ಲ. ಅವಳಿಗೆ ಬೇಕಿದ್ದದ್ದು ನಂಬಬಹುದಾದ ಬಸ್ಸು ಮತ್ತು ಕರೆದರೆ ಬರುವ ಪೊಲೀಸರು.

ಪ್ರಶ್ನೆ: ಮಗ ಅಮೆರಿಕದಲ್ಲಿ ನೆಲೆಸಿ ಹನ್ನೆರಡು ವರ್ಷವಾಯಿತು, ಅಲ್ಲಿಯ ಪೌರತ್ವವೂ ಸಿಕ್ಕಿದೆ. ಮೂರು ತಿಂಗಳ ಹಿಂದೆ ಕೆಲಸ ಹೋಯಿತು. ಸೊಸೆ ಮಕ್ಕಳೊಂದಿಗೆ ತವರಿಗೆ ಬಂದಿದ್ದಾಳೆ. ಒಬ್ಬನೇ ಇದ್ದಾನೆ, ಸರಿಯಾಗಿ ಮಾತನಾಡುವುದಿಲ್ಲ. ಮೊನ್ನೆ, ‘ರಕ್ಷಣೆಗೆ ಒಂದು ಸಣ್ಣ ಪಿಸ್ತೂಲು ತಗೊಂಡೆ ಅಪ್ಪಾ’ ಎಂದ. ಅಂದಿನಿಂದ ನಿದ್ದೆ ಇಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆಯೋ ಎಂದು ಹೆದರಿಕೆ. (ದಾವಣಗೆರೆ)

ಉತ್ತರ: ನಿಮ್ಮ ಕಳವಳ ನ್ಯಾಯವಾದದ್ದು. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತ 48,830 ಜನರಲ್ಲಿ 26,328 ಜನ ತಮ್ಮನ್ನು ತಾವೇ ಕೊಂದುಕೊಂಡವರು. ಇತರರಿಂದ ಕಾಪಾಡಿಕೊಳ್ಳಲೆಂದು ತಂದ ಬಂದೂಕಿನ ಅತಿ ದೊಡ್ಡ ಅಪಾಯ ಅದನ್ನು ತಂದವರಿಗೇ ಎಂಬುದನ್ನು, ಕ್ಯಾಲಿಫೋರ್ನಿಯಾದ ಸುಮಾರು 2.6 ಕೋಟಿ ಜನರ ದಾಖಲೆಗಳನ್ನು ನೋಡಿ 2020ರಲ್ಲಿ ಪ್ರಕಟಿಸಿದ ವೈದ್ಯಕೀಯ ಅಧ್ಯಯನವೂ ತೋರಿಸಿತು: ಕೈಬಂದೂಕು ಇರುವ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ, ಇಲ್ಲದವರಿಗಿಂತ ಸುಮಾರು ಎಂಟು ಪಟ್ಟು; ಹೆಂಗಸರಲ್ಲಿ 35 ಪಟ್ಟು. ಆತ್ಮಹತ್ಯೆಯ ತೀವ್ರ ಗಳಿಗೆ ಅನೇಕ ವೇಳೆ ಬಹಳ ಹೊತ್ತು ನಿಲ್ಲುವುದಿಲ್ಲ. ಆ ಗಳಿಗೆಯನ್ನು ದಾಟಿ ಬದುಕಿದವರಲ್ಲಿ ಬಹುಪಾಲು ಜನ ಮುಂದೆ ಆ ದಾರಿಯಲ್ಲಿ ಸಾಯುವುದಿಲ್ಲ. ಕೈಯಳತೆಯಲ್ಲಿ ಪಿಸ್ತೂಲಿದ್ದರೆ ದಾಟಲು ಅವಕಾಶವೇ ಸಿಗುವುದಿಲ್ಲ.

ನೀವು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಹೆದರಿಕೆ ಬೇಡ. ನೇರವಾಗಿ ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ ಎಂದು ಮನೋವೈದ್ಯರು ಒತ್ತಿ ಹೇಳುತ್ತಾರೆ. ‘ಸಾಯಬೇಕು ಅಂತ ಅನ್ನಿಸ್ತಿದೆಯೇನಪ್ಪಾ?’ ಎಂದು ಅದೇ ಮಾತಿನಲ್ಲಿ ಕೇಳಿ. ಪಿಸ್ತೂಲು ಕೊಂಡದ್ದಕ್ಕೆ ಬೈಯಬೇಡಿ. ಕೆಲಸದ ವಿಷಯ ಸದ್ಯಕ್ಕೆ ಎತ್ತಬೇಡಿ. ಸ್ವಲ್ಪ ದಿನ ಅದನ್ನು ಮನೆಯಿಂದ ಹೊರಗಿಡಲು ಒಪ್ಪಿಸಿ. ಕೆಲವು ಬಂದೂಕು ಅಂಗಡಿಗಳೂ ಪೊಲೀಸ್ ಠಾಣೆಗಳೂ ಹೀಗೆ ತಾತ್ಕಾಲಿಕವಾಗಿ ಇರಿಸಿಕೊಳ್ಳುತ್ತವೆ; ನಂಬಿಕೆಯ ಸ್ನೇಹಿತರ ಬಳಿ ಇಡುವುದಾದರೆ ಆ ರಾಜ್ಯದ ಕಾನೂನು ಒಪ್ಪುತ್ತದೆಯೇ ಎಂದು ತಿಳಿದುಕೊಳ್ಳಲಿ. ಅಲ್ಲಿಂದ 988 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ನಿಮ್ಮ ಸಂಕಟ ಹೇಳಿಕೊಳ್ಳಲು ನಿಮಗೆ ಇಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಅವನ ಊರಿನಲ್ಲಿ ಪರಿಚಯದ ಕನ್ನಡಿಗರು ಯಾರಾದರೂ ಇದ್ದರೆ ಇಂದೇ ಅವನ ಮನೆಗೆ ಹೋಗಿ ಬರಲು ಹೇಳಿ, ಸಾಧ್ಯವಾದರೆ ನೀವೋ ಸೊಸೆಯೋ ಆದಷ್ಟು ಬೇಗ ಅವನಿರುವಲ್ಲಿಗೆ ಹೋಗಿ. ಈ ಉತ್ತರವನ್ನು ಅಚ್ಚಿಗೆ ಕಾಯದೆ ನಿಮಗೆ ಮೊದಲೇ ಅಂಚೆಯಲ್ಲಿಯೂ ಫೋನಿನಲ್ಲಿಯೂ ತಲುಪಿಸಿದ್ದೇನೆ. ಇದೇ ಸ್ಥಿತಿಯಲ್ಲಿರುವ ಬೇರೆ ತಂದೆತಾಯಿಯರು ಇದನ್ನು ಓದುತ್ತಿದ್ದರೆ, ಇಂದು ರಾತ್ರಿ ಊಟ ಮುಗಿದ ಕೂಡಲೇ ಫೋನು ಮಾಡಿ; ಅಲ್ಲಿ ಆಗ ಬೆಳಗಿನ ಹೊತ್ತು, ಅವನು ಎದ್ದಿರುತ್ತಾನೆ.